ಹೈಸ್ಕೂಲ್ ವಿದ್ಯಾರ್ಥಿಗೆ ಇಂಟರ್ನ್‌ಶಿಪ್: ಹುಡುಕುವ, ಕೇಳುವ, ಗೊತ್ತುಮಾಡಿಕೊಳ್ಳುವ ಬಗೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯು ತರಗತಿಗಳು ಆರಂಭವಾಗುವವರೆಗಿನ ಬೇಸಿಗೆಯಲ್ಲಿ ಒಂದಿಷ್ಟು ಕೆಲಸ ಕಲಿಯಬೇಕೆಂದು ಹೊರಡುವ ಮಕ್ಕಳು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಬಹಳಷ್ಟು ಜನ ಎರಡು ಮೂರು ಕಡೆ ವಿಚಾರಿಸಿ ಮನೆಗೆ ಮರಳಿಬಿಡುತ್ತಾರೆ. ನಮ್ಮ ಊರುಗಳಲ್ಲಿ ಅವಕಾಶವೇ ಇಲ್ಲ, ಇದೆಲ್ಲ ಬೆಂಗಳೂರು, ಹೈದರಾಬಾದ್‌ನವರಿಗೆ ಮಾತ್ರ ಎಂಬ ತೀರ್ಮಾನಕ್ಕೆ ಪಾಲಕರೂ ಬರುತ್ತಾರೆ. ಆದರೆ ತಪ್ಪುವುದು ಕೇಳುವ ರೀತಿಯಲ್ಲಿ. ‘ಸರ, ನಿಮ್ಮ ಕಡೆ ಇಂಟರ್ನ್‌ಶಿಪ್ ಸಿಗ್ತದೇನ್ರಿ?’ ಎಂದು ಕೇಳಿದಾಗ ಎದುರಿಗಿರುವವರಿಗೆ ಆ ಹುಡುಗನಿಗೆ ಏನು ಕೊಡಬೇಕೆಂಬುದೇ ತಿಳಿಯುವುದಿಲ್ಲ. ತಿಳಿಯದಿದ್ದಾಗ ‘ಇಲ್ಲ’ ಎನ್ನುವುದು ಸುಲಭ. ಆದ್ದರಿಂದ ಮಾಡಬಹುದಾದ ಒಂದು ಕೆಲಸವನ್ನು ಹೆಸರಿಟ್ಟು ಕೇಳಬೇಕು. ಮುಂದಿನ ಎಲ್ಲ ಹಂತಗಳೂ ಇದಕ್ಕೆ ಮಾಡಿಕೊಳ್ಳುವ ತಯಾರಿ.

ವಯಸ್ಸು ಮತ್ತು ಕಾನೂನು

ಮೊದಲು ವಯಸ್ಸನ್ನು ನೋಡಿಕೊಳ್ಳಿ. ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ, ಮನೆಯ ಉದ್ಯಮದಲ್ಲಿ ಬಿಡುವಿನ ವೇಳೆ ನೆರವಾಗುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, 14 ವರ್ಷ ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ನಡುವಿನವರನ್ನು ಗಣಿ, ಸ್ಫೋಟಕ ಹಾಗೂ ಅಪಾಯಕಾರಿ ಪ್ರಕ್ರಿಯೆಗಳ ಕೆಲಸಕ್ಕೆ ಹಚ್ಚುವಂತಿಲ್ಲ. ಉಳಿದ ಕೆಲಸಗಳಲ್ಲೂ ದಿನಕ್ಕೆ ವಿರಾಮವೂ ಸೇರಿ ಆರು ತಾಸು ಮೀರಬಾರದು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸವೇ ಕೂಡದು. 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಂಡವರಿಗೆ, ಕಿಶೋರರನ್ನು ಅಪಾಯದ ಕೆಲಸಕ್ಕೆ ಹಚ್ಚಿದವರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಬೀಳಬಹುದು.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಗಂಜಿನ (ಕೃಷಿ ಮಾರುಕಟ್ಟೆಯ) ಅಡತಿ ಅಂಗಡಿಯವರಾಗಲಿ, ಪ್ರಿಂಟಿಂಗ್ ಪ್ರೆಸ್ಸಿನವರಾಗಲಿ ಶಾಲೆಯ ಹುಡುಗನನ್ನು ಒಳಗೆ ಬಿಟ್ಟುಕೊಳ್ಳಲು ಹಿಂಜರಿಯುವುದು ಹೆಚ್ಚಾಗಿ ಈ ಭಯದಿಂದ. ಕಾರ್ಮಿಕ ಇಲಾಖೆಯವರು ಬಂದು ನೋಡಿದರೆ ಏನು ಉತ್ತರ ಕೊಡುವುದು ಎಂಬ ಚಿಂತೆ ಅವರಿಗಿರುತ್ತದೆ. ವಿದ್ಯಾರ್ಥಿಯ ಹೆಸರು, ಜನ್ಮದಿನಾಂಕ, ತರಗತಿ ಇರುವ ಹಾಗೂ ‘ರಜೆಯಲ್ಲಿ ಕಲಿಕೆಗಾಗಿ ಮಾತ್ರ ಬರುತ್ತಿದ್ದಾನೆ’ ಎಂಬ ಒಂದು ಸಾಲು ಇರುವ, ಮುಖ್ಯೋಪಾಧ್ಯಾಯರ ಸಹಿ ಮೊಹರಿನ ಪತ್ರವನ್ನು ಮೊದಲೇ ಮಾಡಿಸಿಕೊಂಡರೆ ಅವರ ಅರ್ಧ ಹಿಂಜರಿಕೆ ಕಡಿಮೆಯಾಗುತ್ತದೆ. ಈ ಪತ್ರ ಅಪಾಯದ ಕೆಲಸಕ್ಕೆ ಪರವಾನಗಿಯಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿರಲಿ. ಪರೀಕ್ಷೆ ಮುಗಿದ ಮೇಲೆ ಶಾಲೆಯ ಕಚೇರಿಯಲ್ಲಿ ಯಾರೂ ಸಿಗದೆ ಹೋಗಬಹುದು, ಆದ್ದರಿಂದ ಇದನ್ನು ಫೆಬ್ರವರಿಯಲ್ಲೇ ಪಡೆಯಬೇಕು. ಇದರ ಜೊತೆಗೆ ಆಧಾರ್ ಝೆರಾಕ್ಸ್, ಪಾಲಕರ ಒಪ್ಪಿಗೆ ಪತ್ರ, ಎರಡು ಫೋಟೊ ಇದ್ದರೆ ಸಾಕು.

ಎಲ್ಲಿ ಕೇಳಬೇಕು

ಜಾಗ ಆರಿಸುವಾಗ ಅಲ್ಲಿ ಆ ತಿಂಗಳು ಕೆಲಸ ಹೇಗಿರುತ್ತದೆ ಎಂದು ಯೋಚಿಸಿ. ವಕೀಲರಾಗುವ ಆಸೆಯುಳ್ಳವರು ಬೇಸಿಗೆಯಲ್ಲಿ ವಕೀಲರ ಕಚೇರಿಗೆ ಹೋಗುತ್ತಾರೆ, ಆದರೆ ಬೇಸಿಗೆಯಲ್ಲಿ ಕೋರ್ಟಿಗೂ ರಜೆ ಇರುತ್ತದೆ. ತೊಗರಿಯ ಆವಕ ಜೋರಾಗಿರುವ ಜನವರಿ, ಫೆಬ್ರವರಿಯಲ್ಲಿ ಗಂಜಿನವರಿಗೆ ತಲೆ ಎತ್ತಲು ಬಿಡುವಿರುವುದಿಲ್ಲ. ಮಾರ್ಚ್ ಕಳೆದ ಮೇಲೆ ಕೇಳಿದರೆ ಲೆಕ್ಕ ಬರೆಯುವುದನ್ನು, ಕಾಳಿನ ಗುಣಮಟ್ಟ ನೋಡುವುದನ್ನು ಸಾವಧಾನವಾಗಿ ಹೇಳಿಕೊಡುತ್ತಾರೆ. ದಾಲ್‌ಮಿಲ್‌ನಲ್ಲಿ ಬೆಲ್ಟ್, ಯಂತ್ರಗಳ ಬಳಿಯ ಕೆಲಸ ಬೇಡವೇ ಬೇಡ. ಬೀದರ್‌ನ ಬಿದರಿ ಕಾರ್ಯಾಗಾರಗಳಲ್ಲಿಯೂ ಅಷ್ಟೇ: ಸತು, ತಾಮ್ರ ಕರಗಿಸಿ ಎರಕ ಹೊಯ್ಯುವುದನ್ನು, ಕೋಟೆಯ ಮಣ್ಣಿನ ದ್ರಾವಣದಲ್ಲಿ ಅದ್ದಿ ಕಪ್ಪು ಬಣ್ಣ ತರುವುದನ್ನು ದೂರ ನಿಂತು ನೋಡಿ, ವಿನ್ಯಾಸ ಬಿಡಿಸುವುದನ್ನು ಮಾತ್ರ ಕೈಯಾರೆ ಕಲಿಯಿರಿ.

ಡಾಕ್ಟರಾಗುವ ಕನಸಿನವರು ದೊಡ್ಡ ಆಸ್ಪತ್ರೆಗಳ ಬಾಗಿಲಿಗೆ ಹೋಗಿ ನಿರಾಶರಾಗುತ್ತಾರೆ. ರೋಗಿಗಳ ಖಾಸಗಿತನ, ಸೋಂಕಿನ ಭಯ ಇವೆರಡರಿಂದಾಗಿ ಅಲ್ಲಿ ಹೈಸ್ಕೂಲ್ ಮಕ್ಕಳನ್ನು ಬಿಟ್ಟುಕೊಳ್ಳದಿರುವುದು ಸರಿಯಾಗಿಯೇ ಇದೆ. ಅದರ ಬದಲು ಊರಿನ ಔಷಧಿ ಅಂಗಡಿಯಲ್ಲಿ ದಾಸ್ತಾನು ಪಟ್ಟಿ ಮಾಡುವ ಕೆಲಸ ಕೇಳುವುದು ಮೇಲು. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ, ಡಿಟಿಪಿ ಅಂಗಡಿ, ಸ್ಥಳೀಯ ಪತ್ರಿಕೆಯ ಕಚೇರಿ, ಕಲಬುರಗಿ, ಬೀದರ್ ಹಾಗೂ ಯಾದಗಿರಿ ಜಿಲ್ಲೆಯ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳು, ಇವೆಲ್ಲ ಕೇಳಿ ನೋಡಬಹುದಾದ ಜಾಗಗಳು. ನನ್ನ ಮಟ್ಟಿಗೆ ಹಳ್ಳಿಯ ಮಕ್ಕಳಿಗೆ ಕೃಷಿ ವಿಜ್ಞಾನ ಕೇಂದ್ರದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಪಠ್ಯದ ರಸಾಯನಶಾಸ್ತ್ರವೂ ಅಪ್ಪನ ಹೊಲವೂ ಅಲ್ಲಿ ಒಂದೇ ಮೇಜಿನ ಮೇಲೆ ಸಿಗುತ್ತವೆ.

ನೋಂದಣಿ ಶುಲ್ಕ ಕಟ್ಟಿದರೆ ಮನೆಯಲ್ಲೇ ಕುಳಿತು ಇಂಟರ್ನ್‌ಶಿಪ್ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊಬೈಲಿಗೆ ಬರುವ ಸಂದೇಶಗಳನ್ನು ಅಳಿಸಿಹಾಕಿ. ಕಲಿಸುವವರು ಯಾರೆಂದು ಹೇಳದೆ ಮೊದಲು ಹಣ ಕೇಳುವ ಕಡೆಗೆ ಆಧಾರ್ ಪ್ರತಿಯನ್ನೂ ಕಳಿಸಬಾರದು.

ಪತ್ರ ಮತ್ತು ಮೊದಲ ಭೇಟಿ

ಮಕ್ಕಳು ಎಡವುವುದು ಇಲ್ಲಿ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಇಂಗ್ಲಿಷ್ ಬಯೊಡೇಟಾದಲ್ಲಿ ತಮ್ಮ ಹೆಸರು ತುಂಬಿ ಹತ್ತು ಕಡೆ ಹಂಚುತ್ತಾರೆ. ಹದಿನೈದು ವರ್ಷದ ವಿದ್ಯಾರ್ಥಿಗೆ ಬಯೊಡೇಟಾ ಬೇಕಿಲ್ಲ. ಒಂದು ಪುಟ ಮೀರದ, ಕೈಬರಹದ, ಕನ್ನಡದ ಪತ್ರ ಸಾಕು. ಅದರಲ್ಲಿ ನಾಲ್ಕು ವಿಷಯಗಳಿರಬೇಕು: ನೀವು ಯಾರು, ಅವರಲ್ಲಿ ಯಾವ ಕೆಲಸ ನಡೆಯುತ್ತದೆಂದು ತಿಳಿದುಕೊಂಡಿದ್ದೀರಿ, ಅದರಲ್ಲಿ ಯಾವ ಭಾಗಕ್ಕೆ ಕೈಜೋಡಿಸಬಲ್ಲಿರಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಷ್ಟು ಹೊತ್ತು ಬರುತ್ತೀರಿ. ಕೃಷಿ ವಿಜ್ಞಾನ ಕೇಂದ್ರಕ್ಕೆ ಬರೆಯುವುದಾದರೆ ಪತ್ರದ ನಡುಭಾಗ ಹೀಗಿರಬಹುದು:

‘ಮುಂಗಾರಿಗೆ ಮೊದಲು ರೈತರು ಮಣ್ಣಿನ ಮಾದರಿಗಳನ್ನು ಪರೀಕ್ಷೆಗೆ ತರುತ್ತಾರೆಂದು ತಿಳಿದಿದ್ದೇನೆ. ಮಾದರಿಗಳಿಗೆ ಸಂಖ್ಯೆ ಹಾಕುವುದು, ರೈತರ ಹೆಸರು, ಸರ್ವೆ ನಂಬರ್, ಹಿಂದಿನ ಬೆಳೆಯ ವಿವರಗಳನ್ನು ವಹಿಯಲ್ಲಿ ಬರೆಯುವುದು, ಇವನ್ನು ತಪ್ಪಿಲ್ಲದೆ ಮಾಡಬಲ್ಲೆ. ನಮ್ಮ ಹೊಲದಲ್ಲಿ ‘ವಿ’ ಆಕಾರದ ಗುಂಡಿ ತೋಡಿ ಮಾದರಿ ತೆಗೆಯುವುದನ್ನು ನೋಡಿದ್ದೇನೆ. ಪರೀಕ್ಷೆಯ ವಿಧಾನವನ್ನು ಕಲಿಯುವ ಆಸೆಯಿದೆ. ಏಪ್ರಿಲ್ 15ರಿಂದ ಮೇ 10ರವರೆಗೆ ಪ್ರತಿದಿನ ಬೆಳಿಗ್ಗೆ ಎಂಟೂವರೆಯಿಂದ ಹನ್ನೆರಡೂವರೆಯವರೆಗೆ ಬರಬಲ್ಲೆ. ಸಂಬಳದ ನಿರೀಕ್ಷೆಯಿಲ್ಲ.’

ಈ ಪತ್ರ ಓದಿದವರಿಗೆ ನಾಳೆ ಈ ಹುಡುಗಿಯನ್ನು ಯಾವ ಕುರ್ಚಿಯಲ್ಲಿ ಕೂರಿಸಬೇಕೆಂದು ಕೂಡಲೇ ಹೊಳೆಯುತ್ತದೆ. ‘ನಾನು ಶ್ರಮಜೀವಿ, ಬೇಗ ಕಲಿಯುತ್ತೇನೆ’ ಎಂಬಂಥ ಮಾತುಗಳನ್ನು ತೆಗೆದುಹಾಕಿ. ಅವು ಎಲ್ಲರ ಪತ್ರದಲ್ಲೂ ಇರುತ್ತವೆ. ಅವರ ಕೆಲಸದ ಬಗ್ಗೆ ಗೊತ್ತಿಲ್ಲದಿದ್ದರೆ ಪತ್ರ ಬರೆಯುವ ಮೊದಲು ಅಲ್ಲಿಗೆ ಗಿರಾಕಿಯಾಗಿಯೋ ರೈತರ ಜೊತೆಗೋ ಒಮ್ಮೆ ಹೋಗಿಬನ್ನಿ.

ಪತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸದೆ ಸ್ವತಃ ಒಯ್ದು ಕೊಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಸಾಮಾನ್ಯವಾಗಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯುವುದರಿಂದ ಒಂಬತ್ತರ ಸುಮಾರಿಗೆ ಹೋಗುವುದು ಒಳ್ಳೆಯದು. ಅಂಗಡಿಯವರನ್ನು ಬೋಣಿಗೆ ಮುಗಿದ ಮೇಲೆ ಮಾತಾಡಿಸಿ. ಪಾಲಕರು ಜೊತೆಗೆ ಬರಲಿ, ಆದರೆ ಮಾತು ಮಗುವಿನದೇ ಆಗಿರಲಿ. ತಂದೆ ಮಾತಾಡುತ್ತಿದ್ದು ಮಗ ನೆಲ ನೋಡುತ್ತ ನಿಂತರೆ, ಬರುವ ಆಸೆ ಯಾರದೆಂಬ ಅನುಮಾನ ಸಹಜವಾಗಿ ಏಳುತ್ತದೆ. ಪರಿಚಯದ ಮುಖಂಡರಿಂದ ಫೋನ್ ಮಾಡಿಸುವ ಅಡ್ಡದಾರಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಒತ್ತಾಯಕ್ಕೆ ಸೇರಿಸಿಕೊಂಡವರು ಮೂಲೆಯಲ್ಲಿ ಕೂರಿಸಿ ಚಹಾ ತರಿಸುತ್ತಾರೆ, ಕಲಿಸುವುದಿಲ್ಲ.

‘ನೋಡೋಣ’ ಎಂಬ ಉತ್ತರ ಬಂದರೆ ‘ಮುಂದಿನ ಸೋಮವಾರ ಬರಲೇ?’ ಎಂದು ಆಗಲೇ ಕೇಳಿ ದಿನ ಗೊತ್ತುಮಾಡಿಕೊಂಡು, ಆ ದಿನ ತಪ್ಪದೆ ಹೋಗಿ. ಇಲ್ಲವೆಂದರೆ ‘ಇಂಥ ಕೆಲಸ ಇನ್ನೆಲ್ಲಿ ನಡೆಯುತ್ತದೆ ಸರ?’ ಎಂದು ವಿಚಾರಿಸಿ. ಎರಡನೆಯ ಜಾಗ ಹೆಚ್ಚಾಗಿ ಈ ಪ್ರಶ್ನೆಯಿಂದಲೇ ಸಿಗುತ್ತದೆ.

ಒಪ್ಪಿದ ಮೇಲೆ

ಕಲಿಸುವವರ ಹೆಸರು, ವೇಳೆ, ರಜೆಯ ದಿನ, ಮಾಡಬಾರದ ಕೆಲಸಗಳು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಎರಡು ವಾರಕ್ಕಿಂತ ಕಡಿಮೆ ಅವಧಿಗೆ ಹೋಗಬೇಡಿ. ಮೊದಲ ವಾರ ಜಾಗದ ಪರಿಚಯಕ್ಕೇ ಸರಿಹೋಗುತ್ತದೆ. ವಿದ್ಯಾರ್ಥಿ ಬಸ್ ಪಾಸ್ ಮನೆಯಿಂದ ಶಾಲೆಯ ಮಾರ್ಗಕ್ಕೆ ಮಾತ್ರ ಇರುವುದರಿಂದ ಹುಡುಗರು ಪ್ರಯಾಣದ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಹುಡುಗಿಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ, ಗುರುತಿನ ಚೀಟಿ ಜೊತೆಗಿರಲಿ. ಒಬ್ಬರೇ ಇರುವ ಕೋಣೆಯಲ್ಲಿ ಕೂರಿಸಿದರೆ, ಹೊತ್ತು ಮೀರಿ ನಿಲ್ಲಿಸಿಕೊಂಡರೆ, ಮೈ ಮುಟ್ಟಿ ಮಾತಾಡಿದರೆ ಅದೇ ದಿನ ಮನೆಯಲ್ಲಿ ಹೇಳಿ ಹೋಗುವುದನ್ನು ನಿಲ್ಲಿಸಬೇಕು. ಮಕ್ಕಳ ಸಹಾಯವಾಣಿ 1098 ಎಲ್ಲ ಹೊತ್ತಿನಲ್ಲೂ ಇದೆ.

ದಿನವೂ ಮಾಡಿದ ಕೆಲಸವನ್ನು ದಿನಾಂಕ ಹಾಕಿ ನಾಲ್ಕು ಸಾಲು ಬರೆದಿಡಿ. ಪ್ರಮಾಣಪತ್ರವನ್ನು ಕೊನೆಯ ದಿನ ಕೇಳದೆ ಒಂದು ವಾರ ಮುಂಚೆಯೇ ಕೇಳಿ, ಈ ದಿನಚರಿಯನ್ನು ಅವರ ಮುಂದಿಡಿ. ‘ಯಶಸ್ವಿಯಾಗಿ ಪೂರ್ಣಗೊಳಿಸಿದ್ದಾರೆ’ ಎಂಬ ಒಂದೇ ಸಾಲಿನ ಪ್ರಮಾಣಪತ್ರದಿಂದ ಮುಂದೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಕೆಲಸ, ಎಷ್ಟು ದಿನ, ಯಾರ ಕೈಕೆಳಗೆ ಎಂಬುದನ್ನು ಅವರದೇ ಲೆಟರ್‌ಹೆಡ್‌ನಲ್ಲಿ ಬರೆಸಿ, ಸಹಿ ಮೊಹರು ಹಾಕಿಸಿಕೊಂಡು, ಒಂದು ಝೆರಾಕ್ಸ್ ಪ್ರತಿಯನ್ನು ಪತ್ರ ಕೊಟ್ಟ ಮುಖ್ಯೋಪಾಧ್ಯಾಯರಿಗೆ ತಲುಪಿಸಿ.