ಹಂಚಿನ ಕಾರ್ಖಾನೆಯ ಹಿಂದಿನ ಗೇಟು

ನಮ್ಮ ಹಂಚಿನ ಕಾರ್ಖಾನೆಗೆ ಎರಡು ಗೇಟು. ಮುಂದಿನದು ರಸ್ತೆಗೆ, ಹಿಂದಿನದು ಗುರುಪುರ ಹೊಳೆಗೆ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚು ಸುಡಲು ಶುರು ಮಾಡಿದ ಮೇಲೆ ನೇತ್ರಾವತಿ, ಗುರುಪುರ ಎರಡೂ ಹೊಳೆಗಳ ದಂಡೆಯಲ್ಲಿ ಇಂಥ ಕಾರ್ಖಾನೆಗಳು ಎದ್ದವು. ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ದೋಣಿಯಲ್ಲೇ ಬಂದರಿಗೆ ಹೋಗುತ್ತಿತ್ತು. ಆಮೇಲೆ ಎಲ್ಲರೂ ತಾರಸಿ ಹಾಕಿಸಿಕೊಂಡರು. ಅಜ್ಜ ನಾಲ್ಕು ಜನರ ಪಾಲಿನಲ್ಲಿ ನಡೆಸಿದ ನಮ್ಮ ಕಾರ್ಖಾನೆಯೂ ಮುಚ್ಚಿತು. ಹಿಂದಿನ ಗೇಟಿನ ಬೀಗ ತುಕ್ಕು ಹಿಡಿದು ಒಂದೇ ಮುದ್ದೆಯಾಯಿತು.

ಮಾರಿಬಿಡು ಎಂದವರೇ ಎಲ್ಲ. ನನಗೂ ದೊಡ್ಡ ಆದರ್ಶ ಏನೂ ಇರಲಿಲ್ಲ, ಸುಮ್ನೆ ಒಣಗಿಸುವ ಶೆಡ್ಡು ಕೆಡವಲು ಮನಸ್ಸು ಬರಲಿಲ್ಲ. ರಿಪೇರಿ ಮಾಡಿ ಜನ ಬಂದು ಕೂರುವ ಜಾಗ ಮಾಡೋಣ ಎಂದುಕೊಂಡೆ. ಕೆಳಗೆ ಹಂಚು ಸುಡುವ ಗೂಡು, ಅದರ ಮೇಲೆ ಅಟ್ಟ, ಅಟ್ಟದ ತುಂಬ ಹಸಿ ಹಂಚು ಜೋಡಿಸುವ ಮರದ ತಟ್ಟಿ. ಗೂಡಿನ ಬಿಸಿಗೇ ಮೇಲೆ ಹಂಚು ಒಣಗುತ್ತಿತ್ತು. ಅದಕ್ಕೇ ಗೋಡೆ ತುಂಬ ಗಾಳಿಕಂಡಿ. ಏಪ್ರಿಲ್ ಮಧ್ಯಾಹ್ನವೂ ಅಲ್ಲಿ ಕೂತರೆ ಫ್ಯಾನು ಬೇಡ.

ಮೊದಲ ವರ್ಷ ಬರೀ ಮಾಡಿನ, ಅಂದರೆ ಛಾವಣಿಯ ಕೆಲಸ. ನೂರು ಚದರಡಿಗೆ ಸುಮಾರು 150 ಹಂಚು ಬೇಕು, ಅಷ್ಟು ದೊಡ್ಡ ಶೆಡ್ಡಿಗೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಎಲ್ಲ ಇಳಿಸಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆವು. ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಬಿರುಕು. ಮೂರನೇ ದಿನಕ್ಕೆ ನನ್ನ ಗೆಣ್ಣು ಊದಿತ್ತು, ಆಮೇಲೆ ತೆಂಗಿನ ಗೆರಟೆ ಹಿಡಿದೆ. ಒರಲೆ ತಿಂದ ಪಕ್ಕಾಸು, ಅಂದರೆ ಮಾಡಿನ ಓರೆ ತೊಲೆ, ಬದಲಾಯಿಸಿದೆವು. ಅದರ ಮೇಲೆ ಹಂಚು ಕೂರುವ ಅಡ್ಡಪಟ್ಟಿ ರೀಪು ಪೂರ್ತಿ ಹೊಸದು. ನಡುನಡುವೆ ಗಾಜಿನ ಹಂಚು ಇಟ್ಟ ಮೇಲೆ ಹಗಲಲ್ಲಿ ಲೈಟು ಹಾಕುವುದು ತಪ್ಪಿತು.

ಎಡವಿದ್ದು ಗೋಡೆಯಲ್ಲಿ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ಹಳೇ ಸುಣ್ಣದ ಗಾರೆ ಉದುರಿತ್ತು. ಬೇಗ ಮುಗಿಯಲಿ ಎಂದು ಸಿಮೆಂಟ್ ಬಳಿಸಿದೆ. ಒಂದು ಮಳೆಗಾಲ ಮುಗಿಯುವುದರೊಳಗೆ ಅದು ಹಪ್ಪಳದ ಹಾಗೆ ಉಬ್ಬಿ ಕಳಚಿಕೊಂಡಿತು, ಜೊತೆಗೆ ಕಲ್ಲಿನ ಮೇಲ್ಪದರವೂ ಬಂತು. ಮುರಕಲ್ಲು ನೀರು ಕುಡಿಯುತ್ತದೆ, ಕುಡಿದದ್ದನ್ನು ಹೊರಗೆ ಬಿಡಬೇಕು. ಸುಣ್ಣದಲ್ಲಿ ಅದಕ್ಕೆ ದಾರಿ ಇದೆ, ಸಿಮೆಂಟಿನಲ್ಲಿ ಇಲ್ಲ. ಯಾವ ಮುದುಕ ಮೇಸ್ತ್ರಿಯನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ ಅಷ್ಟೆ. ಎಲ್ಲ ಕೆತ್ತಿ ತೆಗೆದು, ಸುಣ್ಣ ನೆನೆಹಾಕಿ, ಮತ್ತೆ ಬಳಿಸಿದ್ದಕ್ಕೆ ಎರಡರಷ್ಟು ಖರ್ಚು.

ಕಾಗದಪತ್ರದ ಕಥೆ ಬೇಡ. ಕಾರ್ಖಾನೆ ಎಂದು ದಾಖಲೆಯಲ್ಲಿದ್ದ ಜಾಗವನ್ನು ಬೇರೆ ಉಪಯೋಗಕ್ಕೆ ಬದಲಾಯಿಸಿಕೊಳ್ಳಲು ಮಾಡು ರಿಪೇರಿಗಿಂತ ಜಾಸ್ತಿ ದಿನ ಹಿಡಿಯಿತು. ನೀವು ಮಾಡುವುದಿದ್ದರೆ ಅದನ್ನೇ ಮೊದಲು ಶುರು ಮಾಡಿ.

ಅಂತೂ ಬಾಗಿಲು ತೆರೆದೆವು. ಚಹಾ, ಪತ್ರಿಕೆ, ಒಂದು ಕಪಾಟು ಪುಸ್ತಕ, ಸಂಜೆ ಯಕ್ಷಗಾನ ಕಲಿಯುವವರಿಗೆ ಅಟ್ಟ. ಜನ ಕಾರಿನಲ್ಲಿ ಬಂದರು, ಚಿಮಣಿ ಎದುರು ಫೋಟೋ ತೆಗೆಸಿಕೊಂಡರು, ಹೋದರು. ಹೊಳೆಬದಿಯ ಕೇರಿಯವರು ಒಬ್ಬರೂ ಇಲ್ಲ. ಮುಂಬೈಯ ಲೋವರ್ ಪರೇಲಿನ ಫೀನಿಕ್ಸ್ ಮಿಲ್ ನೆನಪಾಯಿತು. ಮಿಲ್ಲು ಮಾಲ್ ಆಗಿದೆ, ಚಿಮಣಿ ಈಗಲೂ ನಿಂತಿದೆ, ಚಂದವೇ ಇದೆ. ಆದರೆ ಸುಮ್ನೆ ಹೊತ್ತು ಕಳೆಯಲು ಪಕ್ಕದ ಬೀದಿಯ ಮುದುಕ ಅಲ್ಲಿ ಹೋಗಿ ಕೂರುತ್ತಾನಾ?

ಕೇರಿಯವರನ್ನೇ ಕೇಳಿದಾಗ ಗೊತ್ತಾಯಿತು, ಅವರು ಬಸ್‌ಸ್ಟಾಪಿಗೆ ಬರಲು ನಮ್ಮ ಕಂಪೌಂಡು ಸುತ್ತಿ ಹದಿನೈದು ನಿಮಿಷ ನಡೆಯುತ್ತಿದ್ದರು. ಅಜ್ಜನ ಕಾಲದಿಂದ! ಮರುದಿನವೇ ಬೀಗವನ್ನು ಗ್ಯಾಸಿನಲ್ಲಿ ಕೊಯ್ಯಿಸಿದೆ. ಗೇಟಿನಿಂದ ಗೇಟಿಗೆ, ಗೂಡಿನ ಪಕ್ಕದಲ್ಲೇ, ಡಬ್ ಎಂದ ಹಂಚನ್ನೆಲ್ಲ ಪುಡಿ ಮಾಡಿ ಹಾಸಿ ದಾರಿ ಮಾಡಿದೆವು. ಈಗ ನಾಲ್ಕು ನಿಮಿಷ, ಅದರಲ್ಲಿ ಅರ್ಧ ಮಾಡಿನಡಿ. ಒಂದು ವಾರ ಜನ ತಲೆ ತಗ್ಗಿಸಿ ದಾಟಿದರು. ಆಮೇಲೆ ಶಾಲೆ ಮಕ್ಕಳು ನಿಂತರು, ಬೀಡಿ ಕಟ್ಟಿ ಡಿಪೋಗೆ ಕೊಡಲು ಹೋಗುವ ಹೆಂಗಸರು ಚೀಲ ಇಳಿಸಿ ಕೂತರು. ಇಲ್ಲಿ ಕೂರಲು ಚಹಾ ಕುಡಿಯಲೇಬೇಕು ಎಂದಿಲ್ಲ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಚಹಾದ ಕೌಂಟರನ್ನು ದಾರಿಯಿಂದ ಎತ್ತಿ ದೂರದ ಮೂಲೆಗೆ ಹಾಕಿದ ಮೇಲೆ ನಂಬಿದರು.

ಅಂಗಳದಲ್ಲಿ ಕಾರು ನಿಲ್ಲಿಸಲು ಬಿಡಬೇಕು ಎಂದು ಪಾಲುದಾರರು ಜಗಳಕ್ಕೇ ಬಂದರು. ಬಿಡಲಿಲ್ಲ. ಹಂಚು ಅಟ್ಟಿ ಹಾಕುತ್ತಿದ್ದ ಆ ಜಾಗದಲ್ಲಿ ಈಗ ಮಕ್ಕಳು ಸೈಕಲ್ ಕಲಿಯುತ್ತವೆ. ಒಂದು ಕಾರು ಬಂದರೂ ಅದು ಮುಗಿಯಿತು, ಅಲ್ವಾ?

ಹೀಗೆ ದಾಟುವವರಲ್ಲಿ ಒಬ್ಬರು ವಯಸ್ಸಾದ ಅಮ್ಮ ಒಂದು ದಿನ ನಿಂತು ಅಟ್ಟದ ಕಡೆ ನೋಡಿದರು. ಇಲ್ಲೇ ಹಸಿ ಹಂಚು ಹೊತ್ತವರು. ಹಳೇ ನೆನಪು ಏನಾದರೂ ಹೇಳುತ್ತಾರೆ ಎಂದು ನಾನು ಕಾದೆ. "ಬೆಂಚು ಇಲ್ಲಿ ಯಾಕೆ ಇಟ್ಟಿರಿ? ಆಟಿಯಲ್ಲಿ ಇಲ್ಲೇ ಸೋರುವುದು" ಎಂದರು. ಆಟಿ ಎಂದರೆ ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು. ಮೇಲೆ ಎಲ್ಲ ಹೊಸ ರೀಪು ಎಂದು ನಕ್ಕೆ. ಆಟಿಯಲ್ಲಿ ಅಲ್ಲೇ ಸೋರಿತು. ಎರಡು ಮಾಡು ಕೂಡುವ ಸಂದು ಅದು, ಗಾಳಿಮಳೆ ನೀರನ್ನು ಹಂಚಿನ ಅಡಿಗೇ ತಳ್ಳುತ್ತದೆ. ನೀರು ಹರಿದುಹೋಗಲು ಅಗಲದ ತಗಡಿನ ದಂಬೆ ಹಾಕಿಸಿದ ಮೇಲೆ ಸ್ವಲ್ಪ ಕಮ್ಮಿಯಾಗಿದೆ. ಬೆಂಚು ಈಗ ಗೂಡಿನ ಬಾಯಿ ಪಕ್ಕ ಇದೆ.

ಪ್ರತಿ ಮೇ ತಿಂಗಳು ಮಾಡು ಹತ್ತಿ ಹಂಚು ಕೈಯಾಡಿಸಬೇಕು. ಠಣ್ ಎಂದ ಹಳೇ ಹಂಚು ಮೂಲೆಯಲ್ಲಿ ಇನ್ನೂ 400 ಇವೆ. ಹೋದ ವರ್ಷ 60 ಬೇಕಾಯಿತು, ಅದರಲ್ಲಿ ಅರ್ಧ ಕ್ರಿಕೆಟ್ ಚೆಂಡಿನ ಲೆಕ್ಕ.