ತೆರಿಗೆ ಇಳಿದಾಗ ಸಂಬಳ ಏರಿತೇ? ಲೆಕ್ಕ ಹಾಕುವುದು ಹೀಗೆ

2019ರ ಸೆಪ್ಟೆಂಬರ್ 20ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳ ತೆರಿಗೆಯ ಮೂಲ ದರವನ್ನು ಶೇ 22ಕ್ಕೆ ಇಳಿಸಿದರು. ಸರ್‌ಚಾರ್ಜ್, ಸೆಸ್ ಸೇರಿದರೆ ಶೇ 25.17. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಅಂದಾಜಿಸಿತ್ತು. ಕಂಪನಿಗಳ ಕೈಯಲ್ಲಿ ಉಳಿದ ಆ ಹಣದಲ್ಲಿ ದುಡಿಯುವವರ ಪಾಲೆಷ್ಟು ಎಂದು ವಾದಕ್ಕೆ ಕೂರುವವರು ಒಂದು ವಾರ್ಷಿಕ ವರದಿಯನ್ನೂ ತೆರೆದಿರುವುದಿಲ್ಲ. ತೆರೆದವರು ತಪ್ಪು ಸಾಲಿಗೆ ಬೆರಳಿಡುತ್ತಾರೆ.

ಷೇರುಪೇಟೆಯಲ್ಲಿರುವ ಯಾವುದಾದರೂ ಕಂಪನಿಯ 2018-19 ಮತ್ತು 2022-23ರ ವರದಿಗಳನ್ನು ಇಳಿಸಿಕೊಳ್ಳಿ. ನಡುವೆ ಕೋವಿಡ್ ವರ್ಷಗಳಿವೆ, ಅವು ಬೇಡ. ಆ್ಯಪ್‌ಗಳು ಕೊಡುವ ಒಂದು ಪುಟದ ಸಾರಾಂಶವಂತೂ ಬೇಡವೇ ಬೇಡ. ನಮಗೆ ಬೇಕಾದ ಸಾಲು ಅದರಲ್ಲಿ ಇರುವುದಿಲ್ಲ.

ಎರಡೂ ವರ್ಷಗಳ ಲಾಭ-ನಷ್ಟ ಪಟ್ಟಿಯಲ್ಲಿ ತೆರಿಗೆಯನ್ನು ತೆರಿಗೆಪೂರ್ವ ಲಾಭದಿಂದ ಭಾಗಿಸಿ. ದರ ಇಳಿದಿಲ್ಲವೇ? ಬೇರೆ ಕಂಪನಿ ಹಿಡಿಯಿರಿ.

ಎಡವುವುದು ಇನ್ನು ಮುಂದೆ. ‘ಎಂಪ್ಲಾಯೀ ಬೆನಿಫಿಟ್ಸ್ ಎಕ್ಸ್‌ಪೆನ್ಸ್’, ಅಂದರೆ ನೌಕರರ ಮೇಲಿನ ಒಟ್ಟು ವೆಚ್ಚ, ಏರಿದ್ದನ್ನು ನೋಡಿದ ಕೂಡಲೇ ಸಂಬಳ ಏರಿತೆಂದು ಷರಾ ಬರೆದುಬಿಡುತ್ತಾರೆ. ಆ ಮೊತ್ತದಲ್ಲಿ ಆಡಳಿತ ನಿರ್ದೇಶಕರ ಬೋನಸ್ಸು, ಹೊಸದಾಗಿ ಸೇರಿದವರ ಸಂಬಳ ಎಲ್ಲವೂ ಕಲಸಿಹೋಗಿರುತ್ತವೆ. ಗುತ್ತಿಗೆ ಕಾರ್ಮಿಕರ ಕೂಲಿಯೋ, ಅನೇಕ ಕಡೆ ‘ಇತರ ವೆಚ್ಚ’ದಲ್ಲಿ ಅಡಗಿರುತ್ತದೆ. ತಲಾ ಸರಾಸರಿಯೂ ಮೋಸವೇ. ನಾಲ್ವರಿಗೆ ತಿಂಗಳಿಗೆ 20 ಸಾವಿರ, ಒಬ್ಬರಿಗೆ 5 ಲಕ್ಷ ಎಂದಿಟ್ಟುಕೊಳ್ಳಿ: ಸರಾಸರಿ 1.16 ಲಕ್ಷ! ಐವರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರದು 20 ಸಾವಿರ. ಹೈಸ್ಕೂಲಿನಲ್ಲಿ ಕಲಿತು ಮರೆತ ಮಧ್ಯಾಂಕ ಇದೇ. ನೋಡಬೇಕಾದದ್ದೂ ಇದನ್ನೇ.

2013ರ ಕಂಪನಿ ಕಾಯ್ದೆಯ 197ನೇ ಸೆಕ್ಷನ್ ಪ್ರಕಾರ, ಪ್ರತಿ ನಿರ್ದೇಶಕರ ಸಂಭಾವನೆ ನೌಕರರ ಮಧ್ಯಾಂಕ ಸಂಬಳದ ಎಷ್ಟು ಪಟ್ಟು ಎಂಬುದನ್ನು ಬಹಿರಂಗಪಡಿಸಲೇಬೇಕು. ನಿರ್ದೇಶಕರ ವರದಿಯ ಅನುಬಂಧ ಹುಡುಕಿ. ಸಂಭಾವನೆಯನ್ನು ಆ ಪಟ್ಟಿನಿಂದ ಭಾಗಿಸಿದರೆ ಮಧ್ಯಾಂಕ ಕೈಗೆ ಸಿಗುತ್ತದೆ. ಅಡಿಟಿಪ್ಪಣಿ ಓದದೆ ಭಾಗಿಸಬೇಡಿ. ಷೇರು ರೂಪದ ಸಂಭಾವನೆಯನ್ನು ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ.

ಎರಡು ವರ್ಷದ ಮಧ್ಯಾಂಕ ಹೋಲಿಸಿ, ಬೆಲೆ ಏರಿಕೆಯನ್ನು ಕಳೆಯಿರಿ.

ಏರಿಕೆ ಕಂಡರೂ ಅದಕ್ಕೆ ತೆರಿಗೆ ಕಡಿತವೇ ಕಾರಣ ಎನ್ನಲಾಗದು. ಕೆಲಸಗಾರರ ಅಭಾವವೂ ಸಂಬಳ ಏರಿಸುತ್ತದೆ. 2024-25ರ ಆರ್ಥಿಕ ಸಮೀಕ್ಷೆಯಂತೂ, 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3ರಷ್ಟು ಹೆಚ್ಚಿದರೂ ಉದ್ಯೋಗ ಹೆಚ್ಚಿದ್ದು ಶೇ 1.5ರಷ್ಟು ಮಾತ್ರ ಎಂದಿತು. ಉಳಿದ ಹಣ ಎತ್ತ ಹೋಯಿತೆಂಬ ಕುತೂಹಲವಿದ್ದರೆ ನಗದು ಹರಿವಿನ ಪಟ್ಟಿಯ ಕೊನೆಯ ಭಾಗಕ್ಕೆ ಹೋಗಿ. ಲಾಭಾಂಶ, ಷೇರು ಮರುಖರೀದಿ, ಸಾಲ ಮರುಪಾವತಿಯ ಸಾಲುಗಳು ಅಲ್ಲಿವೆ.