ರವದಿಗೆ ಬೆಂಕಿ ಬೇಡ: ಕೂಳೆ ಕಬ್ಬಿನ ಸಾಲಿನಲ್ಲೇ ಕೊಳೆಸುವ ಬಗೆ

ಕಬ್ಬಿನ ಒಣಗಿದ ಎಲೆಗೆ ಬೆಳಗಾವಿ, ಬಾಗಲಕೋಟೆ ಕಡೆ ರವದಿ ಅಂತಾರೆ, ಮಂಡ್ಯದ ಕಡೆ ತರಗು. ಕಬ್ಬು ಕಡಿದ ಮೇಲೆ ಎಕರೆಗೆ ಮೂರರಿಂದ ನಾಲ್ಕು ಟನ್ ಬೀಳುತ್ತದೆ. ಅದರಲ್ಲಿ ಸುಮಾರು 12ರಿಂದ 15 ಕಿಲೋ ಸಾರಜನಕ ಇರುತ್ತದೆ. ಕಡ್ಡಿ ಗೀರಿದರೆ ಅದು ಹೊಗೆಯಾಗಿ ಹೋಗುತ್ತದೆ. ಉಳಿದ ಪೊಟ್ಯಾಷ್ ಬೂದಿಯೂ ಅರ್ಧ ಗಾಳಿಗೆ, ಅರ್ಧ ನೀರಿಗೆ.

ಆದರೆ ಸುಡದೆ ಹಾಗೇ ಬಿಟ್ಟರೂ ಕೆಲಸ ಕೆಡುತ್ತದೆ. ಕೂಳೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ, ಹಳದಿಯಾಯಿತು, ಮೊಳಕೆ ಬರಲಿಲ್ಲ ಎಂದು ಮರುವರ್ಷ ಮತ್ತೆ ಬೆಂಕಿಗೆ ಇಳಿಯುವವರೇ ಹೆಚ್ಚು. ತಪ್ಪು ರವದಿಯದಲ್ಲ.

ಕಾಡಿಗೆ ರೋಗ, ಕೆಂಪು ಕೊಳೆ ರೋಗ ಕಂಡ ಹೊಲದಲ್ಲಿ ಕೂಳೆಯನ್ನೇ ಬಿಡಬೇಡಿ. ಉಳಿದ ಹೊಲದಲ್ಲಿ ಕಟಾವಾದ ವಾರದೊಳಗೆ ಬುಡದ ಮೇಲಿನ ರವದಿ ಎಳೆದು ಬುಡಗಳ ನಡುವಿನ ಸಾಲಿಗೆ ತುಂಬಿ. ಬುಡ ಮುಚ್ಚಿದ್ದರೆ ಬೆಳಕು ಸಿಗದೆ ಮೊಳಕೆ ಬಿಳಿಚಿಕೊಂಡು ಸಾಯುತ್ತದೆ. ಸಾಲಿನ ಅಂತರ ನಾಲ್ಕು ಅಡಿ ಅಥವಾ ಹೆಚ್ಚಿದ್ದರೆ ಎಲ್ಲ ಸಾಲಿಗೂ ಹಾಕಬಹುದು. ಮೂರಡಿ ಇದ್ದರೆ ಸಾಲು ಬಿಟ್ಟು ಸಾಲು ತುಂಬಿ, ಖಾಲಿ ಸಾಲಿನಲ್ಲಿ ನೀರು ಹರಿಸಿ. ಇಲ್ಲವಾದರೆ ನೀರು ರವದಿಗೆ ತಡೆದು ಹೊಲದ ಕೊನೆ ಮುಟ್ಟುವುದಿಲ್ಲ. ಟ್ರ್ಯಾಕ್ಟರಿಗೆ ಕಟ್ಟುವ ರವದಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಒಳ್ಳೆಯದು, ತುಂಡಾದದ್ದು ಬೇಗ ಕೊಳೆಯುತ್ತದೆ.

ಆಮೇಲೆ ಕೂಳೆ ಸವರುವುದು. ಹರಿತವಾದ ಗುದ್ದಲಿಯಿಂದ ಬುಡವನ್ನು ನೆಲಮಟ್ಟಕ್ಕೆ ಕತ್ತರಿಸಿ. ನಾಲ್ಕು ಬೆರಳು ಮೇಲೆ ಬಿಟ್ಟರೆ ಮೇಲಿನ ಕಣ್ಣುಗಳು ಮೊದಲು ಚಿಗುರುತ್ತವೆ. ಅವಕ್ಕೆ ಬೇರು ಆಳಕ್ಕೆ ಇಳಿಯುವುದಿಲ್ಲ, ಮಳೆಗಾಲದಲ್ಲಿ ಕಬ್ಬು ಮಲಗುತ್ತದೆ. ಸವರಿದ ಬುಡಕ್ಕೆ ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಮ್ ಶಿಲೀಂಧ್ರನಾಶಕ ಬೆರೆಸಿ ಸಿಂಪಡಿಸಿ.

ಈಗ ಮುಖ್ಯ ಹಂತ. ರವದಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ತೀರಾ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕೇ ಬೇಕು. ನೀವು ಕೊಡದಿದ್ದರೆ ಮಣ್ಣಿನಿಂದ ಕಿತ್ತುಕೊಳ್ಳುತ್ತವೆ, ಕೂಳೆ ಹಳದಿಯಾಗುವುದು ಇದಕ್ಕೇ. ಹಾಗಾಗಿ ಪ್ರತಿ ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್ ಎರಚಿ ಅಂದೇ ನೀರು ಕೊಡಿ. ಒಣ ರವದಿಯ ಮೇಲೆ ಬಿದ್ದ ಯೂರಿಯಾ ಬಿಸಿಲಿಗೆ ಹಾರಿಹೋಗುತ್ತದೆ. ಹಸಿ ಇರುವಾಗಲೇ, ಸಂಜೆ ಹೊತ್ತು, ಟನ್ನಿಗೆ 1 ಕಿಲೋ ಕೊಳೆಸುವ ಜೀವಾಣು ಪುಡಿಯನ್ನು ಹಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಚೆಲ್ಲಿ. ಯೂರಿಯಾ ಮತ್ತು ಜೀವಾಣುವನ್ನು ಒಂದೇ ಬುಟ್ಟಿಯಲ್ಲಿ ಕಲಸಬೇಡಿ. ಮೇಲೆ ತೆಳ್ಳಗೆ ಮಣ್ಣು ಎಳೆದರೆ ತೇವ ನಿಲ್ಲುತ್ತದೆ. ತೇವ ಆರಿದರೆ ಜೀವಾಣು ಎಷ್ಟು ಹಾಕಿದರೂ ರವದಿ ಹಾಗೇ ಬಿದ್ದಿರುತ್ತದೆ.

ಬೆಳೆಯ ಗೊಬ್ಬರ ಬೇರೆ ಲೆಕ್ಕ. ರವದಿಯ ಮೇಲೆ ಎರಚಿದರೆ ಬೇರಿಗೆ ಮುಟ್ಟುವುದಿಲ್ಲ. ಹಾರೆಯಿಂದ ಬುಡಕ್ಕೆ ಅರ್ಧ ಅಡಿ ದೂರ, 15ರಿಂದ 20 ಸೆಂ.ಮೀ. ಆಳ, ಅಡಿಗೊಂದು ಕುಳಿ ಹಾಕಿ ಗೊಬ್ಬರ ಇಟ್ಟು ಮುಚ್ಚಿ. ಮೊದಲ ಕಂತು ಕಟಾವಾದ 15 ದಿನದೊಳಗೆ ಒಂದು ಮಗ್ಗುಲಿಗೆ, ಎರಡನೆಯದು ನಾಲ್ಕು ತಿಂಗಳಿಗೆ ಇನ್ನೊಂದು ಮಗ್ಗುಲಿಗೆ. ಆಳು ಹೆಚ್ಚು ಬೇಕು, ನಿಜ. ಆದರೆ ಕಳೆ ತೆಗೆಯುವ ಖರ್ಚು ಅಷ್ಟೇ ಇಳಿಯುತ್ತದೆ, ನೀರಿನ ಸರದಿಯನ್ನೂ ಕೆಲವು ದಿನ ಮುಂದೂಡಬಹುದು.

ಬುಡ ಚಿಗುರದೆ ಒಂದೂವರೆ ಅಡಿಗಿಂತ ದೊಡ್ಡ ಬಯಲು ಬಿದ್ದಲ್ಲಿ ಚೀಲದಲ್ಲಿ ಬೆಳೆಸಿದ ಕಬ್ಬಿನ ಸಸಿ ನಾಟಿ. ಪಕ್ಕದ ಹೊಲದವರು ಸುಡುವವರಾದರೆ ಬೆಂಕಿ ದಾಟದಂತೆ ಬದುವಿನಿಂದ ಆರಡಿ ಅಗಲಕ್ಕೆ ರವದಿ ತೆಗೆದಿಡಿ.

ಇಷ್ಟಾದರೂ ಬಣ್ಣ ಕೆಟ್ಟರೆ ಯಾವ ಎಲೆ ಎಂದು ನೋಡಿ. ಹಳೆಯ ಎಲೆ ಹಳದಿಯಾದರೆ ಸಾರಜನಕ ಸಾಲದು. ಸುಣ್ಣ ಹೆಚ್ಚಿರುವ ಕರಿ ಮಣ್ಣಿನಲ್ಲಿ ಎಳೆಯ ಎಲೆಯೇ ಬೆಳ್ಳಗಾದರೆ ಅದು ಕಬ್ಬಿಣದ ಕೊರತೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ವಾರಕ್ಕೊಮ್ಮೆಯಂತೆ ಎರಡು ಮೂರು ಬಾರಿ ಸಿಂಪಡಿಸಿ.